ಜೀವಕೋಶ ತನ್ನ ಕಸವನ್ನು ಗುರುತಿಸುವ ಬಗೆಯೂ ಮೂರು ದಿನದ ಉಪವಾಸವೂ

ಪ್ರಶ್ನೆ: ನಾನು ಶಿಡ್ಲಘಟ್ಟದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಪ್ಪನಿಗೆ 63 ವರ್ಷ. ಬಹುಕಾಲ ರೇಷ್ಮೆ ನೂಲು ಬಿಚ್ಚುವ ಘಟಕ ನಡೆಸಿ ಈಗ ವಿಶ್ರಾಂತಿಯಲ್ಲಿದ್ದಾರೆ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಕಳೆದ ವರ್ಷದಿಂದ ಡಾಪಾಗ್ಲಿಫ್ಲೋಜಿನ್, ಜೊತೆಗೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ. ನಮ್ಮ ತಾತನಿಗೆ ಕೊನೆಗಾಲದಲ್ಲಿ ಪಾರ್ಕಿನ್ಸನ್ ಕಾಯಿಲೆಯಿತ್ತು, ತನಗೂ ಅದು ಬಂದೀತೆಂಬ ಹೆದರಿಕೆ ಅಪ್ಪನಿಗೆ ಇದೆ. ಈಚೆಗೆ ಒಂದು ಉಪವಾಸ ಶಿಬಿರದವರು, 72 ಗಂಟೆ ನೀರು ಮಾತ್ರ ಕುಡಿದು ಇದ್ದರೆ ಜೀವಕೋಶದ ಗ್ರಾಹಕ ಪ್ರೋಟೀನುಗಳು ಎಚ್ಚೆತ್ತು ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಲ್ಲಿ ಹಾಳಾದವನ್ನು ಮಾತ್ರ ಆರಿಸಿ ತಿಂದುಹಾಕುತ್ತವೆ, ಇದಕ್ಕೇ ನೊಬೆಲ್ ಬಂದಿದೆ ಎಂದು ಹೇಳಿದ್ದಾರೆ. ನಾನು ಓದಿದ ಪ್ರಕಾರ ಈ ಗ್ರಾಹಕಗಳು ತಮ್ಮ ಜೊತೆಗಾರ ಪ್ರೋಟೀನನ್ನು ಹಿಡಿಯುವುದು ಕೇವಲ ನಾಲ್ಕು ಅಮೈನೋ ಆಮ್ಲಗಳ ತುಣುಕಿನಿಂದ, ಅದರಲ್ಲೂ ನಡುವಿನ ಎರಡು ಯಾವುದಾದರೂ ಆಗಬಹುದು. ಇಷ್ಟು ಸಡಿಲವಾದ ಗುರುತಿನಿಂದ ಒಳ್ಳೆಯದು ಕೆಟ್ಟದ್ದು ಹೇಗೆ ತಿಳಿಯುತ್ತದೆ? ಹಸಿವಿನಲ್ಲಿ ಒಳ್ಳೆಯದನ್ನೂ ತಿಂದುಬಿಡುವುದಿಲ್ಲವೇ? ಅಪ್ಪನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ತಂದೆಯವರನ್ನು ಶಿಬಿರಕ್ಕೆ ಕಳಿಸಬಹುದೇ ಎಂಬುದು ಒಂದು. ಸಡಿಲ ಗುರುತಿನಿಂದ ಜೀವಕೋಶ ಸರಿಯಾದದ್ದನ್ನೇ ಹೇಗೆ ಹಿಡಿಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ತುರ್ತಿನದಾದ್ದರಿಂದ ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಅವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಇಟ್ಟುಕೊಂಡು, ಅವನ್ನು ಬರೆದುಕೊಟ್ಟ ವೈದ್ಯರಿಗೆ ತಿಳಿಸದೆ, ಮೂರು ದಿನ ಬರೀ ನೀರಿನ ಮೇಲೆ ಇರಕೂಡದು. ಅದರ ಕಾರಣಗಳಿಗೆ ಕೊನೆಯಲ್ಲಿ ಬರುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ, ಶಿಬಿರದವರ ಮಾತು ಎಲ್ಲಿ ಜಾರುತ್ತದೆ ಎಂಬುದು ತಾನಾಗಿಯೇ ಕಾಣಿಸುತ್ತದೆ.

ನೊಬೆಲ್ ವಿಷಯವನ್ನು ಮೊದಲು ಮುಗಿಸೋಣ. ಜೀವಕೋಶ ತನ್ನದೇ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಲೈಸೋಸೋಮ್ ಎಂಬ ಜೀರ್ಣಕಾರಿ ಚೀಲಕ್ಕೆ ಸಾಗಿಸಿ ಕರಗಿಸಿಕೊಳ್ಳುವ ಕ್ರಿಯೆಗೆ ಆಟೋಫೇಜಿ, ಅಂದರೆ ಸ್ವಭಕ್ಷಣೆ ಎಂದು 1963ರಲ್ಲಿ ಹೆಸರಿಟ್ಟವರು ಬೆಲ್ಜಿಯಂ ಮೂಲದ ಕ್ರಿಶ್ಚಿಯನ್ ದ ದೂವ್. 2016ರ ವೈದ್ಯಕೀಯ ನೊಬೆಲ್ ಪಡೆದ ಜಪಾನಿನ ಯೋಶಿನೋರಿ ಓಸುಮಿ ಅವರು ಕೆಲಸ ಮಾಡಿದ್ದು ಬ್ರೆಡ್ಡಿಗೆ ಹಾಕುವ ಯೀಸ್ಟಿನ ಮೇಲೆ. ಜೀರ್ಣಕಾರಿ ಕಿಣ್ವಗಳಿಲ್ಲದ ಯೀಸ್ಟ್ ತಳಿಯೊಂದನ್ನು ಪೋಷಕಾಂಶವಿಲ್ಲದ ದ್ರವದಲ್ಲಿಟ್ಟಾಗ, ಕೆಲವೇ ಗಂಟೆಗಳಲ್ಲಿ ಅದರ ಕೋಶದೊಳಗಿನ ಚೀಲ ಜೀರ್ಣವಾಗದ ಸಣ್ಣ ಗುಳ್ಳೆಗಳಿಂದ ತುಂಬಿಕೊಂಡದ್ದನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಂಡು ಅವರು 1992ರಲ್ಲಿ ವರದಿ ಮಾಡಿದರು. ಮರುವರ್ಷ ಈ ಕ್ರಿಯೆಗೆ ಬೇಕಾದ 15 ಜೀನುಗಳ ಸುಳಿವು ಕೊಟ್ಟರು. ಪ್ರಶಸ್ತಿ ಬಂದದ್ದು ಆ ಯಂತ್ರವನ್ನು ಬಿಚ್ಚಿ ತೋರಿಸಿದ್ದಕ್ಕೆ. ಅವರು ಯೀಸ್ಟನ್ನು ಹಸಿವಿನಲ್ಲಿಟ್ಟದ್ದು ಆ ಯಂತ್ರ ಜೋರಾಗಿ ಓಡಲಿ, ಕಣ್ಣಿಗೆ ಕಾಣಲಿ ಎಂಬ ಪ್ರಯೋಗದ ಅನುಕೂಲಕ್ಕಾಗಿ. ಮನುಷ್ಯರ ಉಪವಾಸದ ಗುಣಾವಗುಣಗಳನ್ನು ಆ ಪ್ರಶಸ್ತಿ ತೂಗಿಯೇ ಇಲ್ಲ.

ಸ್ವಭಕ್ಷಣೆಯಲ್ಲಿ ಎರಡು ಬಗೆಗಳಿವೆ, ಶಿಬಿರದವರು ಕಲಸಿಬಿಟ್ಟದ್ದು ಇವೆರಡನ್ನೇ. ಹಸಿವಾದಾಗ ನಡೆಯುವುದು ಬಹುಮಟ್ಟಿಗೆ ಸಾರಾಸಗಟು ಬಗೆಯದು. ಅಲ್ಲಿ ಕೋಶಕ್ಕೆ ಬೇಕಾದದ್ದು ಅಮೈನೋ ಆಮ್ಲ. ಕೈಗೆ ಸಿಕ್ಕ ಕೋಶರಸವನ್ನು ಪೊರೆಯಲ್ಲಿ ಮೊಗೆದು ಕರಗಿಸಿ ಅದು ಹೊಟ್ಟೆ ಹೊರೆದುಕೊಳ್ಳುತ್ತದೆ. ಎರಡನೆಯದು ಆಯ್ದು ತಿನ್ನುವ ಬಗೆ. ಅದು ನಡೆಯಲು ಹಸಿವೇ ಬೇಕಾಗಿಲ್ಲ. ಈ ಎರಡನೆಯ ಬಗೆಯಲ್ಲಿ ಮೊದಮೊದಲು ವಿವರವಾಗಿ ತಿಳಿದುಬಂದ ದಾರಿಯೂ ಯೀಸ್ಟಿನದೇ. ಅಲ್ಲಿ ಎಟಿಜಿ19 ಎಂಬ ಗ್ರಾಹಕ ಒಂದು ಕಿಣ್ವದ ಮುದ್ದೆಗಳನ್ನು ಹಿಡಿದು ಸಾಗಿಸುತ್ತದೆ, ಅದೂ ಯೀಸ್ಟ್ ಚೆನ್ನಾಗಿ ಉಂಡು ಬೆಳೆಯುತ್ತಿರುವಾಗಲೇ. ಪ್ರಾಣಿಗಳಲ್ಲೂ ಹಾಗೆಯೇ. ನರಕೋಶಗಳಲ್ಲಿ ಮಾತ್ರ ಸ್ವಭಕ್ಷಣೆಯ ಒಂದೊಂದು ಜೀನನ್ನು ತೆಗೆದುಹಾಕಿದ ಇಲಿಗಳನ್ನು ಎರಡು ಜಪಾನಿ ತಂಡಗಳು 2006ರಲ್ಲಿ ವರ್ಣಿಸಿದವು. ಆ ಇಲಿಗಳಿಗೆ ಆಹಾರದ ಕೊರತೆಯೇನೂ ಇರಲಿಲ್ಲ. ಆದರೂ ನರಕೋಶಗಳಲ್ಲಿ ಕೆಟ್ಟ ಪ್ರೋಟೀನಿನ ಗಂಟುಗಳು ಸೇರಿ, ನಡಿಗೆ ತಪ್ಪಿ, ಕೋಶಗಳು ಸತ್ತವು. ದಿನನಿತ್ಯದ ಕಸ ತೆಗೆಯುವ ಕೆಲಸ ಹೊಟ್ಟೆ ತುಂಬಿರುವಾಗಲೂ ನಡೆಯುತ್ತಲೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ತಿಳಿದಿಲ್ಲ.

ಈಗ ನಿಮ್ಮ ನಾಲ್ಕು ಅಮೈನೋ ಆಮ್ಲಗಳಿಗೆ ಬರೋಣ. ಗ್ರಾಹಕ ಪ್ರೋಟೀನಿಗೆ ಎರಡು ಕೈಗಳಿವೆ ಎಂದುಕೊಳ್ಳಿ. ಒಂದು ಕೈ ಕಸವನ್ನು ಹಿಡಿಯುತ್ತದೆ, ಇನ್ನೊಂದು ಕೈ ಬೆಳೆಯುತ್ತಿರುವ ಪೊರೆಯ ಒಳಮೈಗೆ ಅಂಟಿಕೊಂಡಿರುವ ಎಲ್‌ಸಿ3 ಅಥವಾ ಅದರ ದಾಯಾದಿ ಪ್ರೋಟೀನುಗಳನ್ನು ಹಿಡಿಯುತ್ತದೆ. ಯೀಸ್ಟಿನಲ್ಲಿ ಎಟಿಜಿ8 ಎಂಬ ಒಂದೇ ಪ್ರೋಟೀನು ಮಾಡುವ ಈ ಕೆಲಸಕ್ಕೆ ಮನುಷ್ಯರಲ್ಲಿ ಎಲ್‌ಸಿ3 ಮತ್ತು ಗಬಾರಾಪ್ ಎಂಬ ಎರಡು ಕವಲಿನ ಒಂದು ಕುಟುಂಬವೇ ಇದೆ. ಒಂದೊಂದು ಅಮೈನೋ ಆಮ್ಲವನ್ನು ಒಂದೊಂದು ಅಕ್ಷರವೆಂದುಕೊಂಡರೆ, ನೀವು ಓದಿದ ನಾಲ್ಕಕ್ಷರದ ತುಣುಕು ಈ ಎರಡನೆಯ ಕೈಯದು; ಸಂಶೋಧಕರು ಅದನ್ನು ಎಲ್‌ಐಆರ್ ಎನ್ನುತ್ತಾರೆ. ಮೊದಲ ಸ್ಥಾನದಲ್ಲಿ ಟ್ರಿಪ್ಟೋಫ್ಯಾನ್, ಫಿನೈಲ್ ಅಲನೀನ್, ಟೈರೋಸಿನ್ ಈ ಮೂರರಲ್ಲಿ ಒಂದು. ನಾಲ್ಕನೆಯ ಸ್ಥಾನದಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಈ ಮೂರರಲ್ಲಿ ಒಂದು. ನಡುವೆ ಯಾವುದಾದರೂ ಎರಡು.

ನಿಮ್ಮ ಅನುಮಾನ ಲೆಕ್ಕಕ್ಕೂ ಸರಿಯಾಗಿಯೇ ನಿಲ್ಲುತ್ತದೆ. ಇಪ್ಪತ್ತು ಅಮೈನೋ ಆಮ್ಲಗಳೂ ಸಮಪ್ರಮಾಣದಲ್ಲಿವೆ ಎಂದು ಒರಟಾಗಿ ಭಾವಿಸಿದರೆ, ಯಾವುದೇ ಜಾಗದಲ್ಲಿ ಈ ವಿನ್ಯಾಸ ಆಕಸ್ಮಿಕವಾಗಿ ಬೀಳುವ ಸಾಧ್ಯತೆ 400ಕ್ಕೆ 9. ಅತಿ ಹೆಚ್ಚು ಅಧ್ಯಯನವಾದ ಗ್ರಾಹಕ ಪಿ62ರಲ್ಲಿ 440 ಅಮೈನೋ ಆಮ್ಲಗಳಿವೆ. ಅಂದರೆ ಅಷ್ಟು ಉದ್ದದ ಪ್ರೋಟೀನಿನಲ್ಲಿ ಸುಮ್ಮನೆ ಹತ್ತು ಕಡೆ ಇದು ಸಿಗಬೇಕು. ಕೋಶದ ಹೆಚ್ಚಿನ ಪ್ರೋಟೀನುಗಳಲ್ಲಿ ಒಂದಾದರೂ ಸಿಗುತ್ತದೆ. ಎಲ್‌ಸಿ3 ಇವೆಲ್ಲವನ್ನೂ ಹಿಡಿಯುವುದಾಗಿದ್ದರೆ ಕೋಶವೇ ಉಳಿಯುತ್ತಿರಲಿಲ್ಲ. ಹಾಗಾಗಿ ಆ ನಾಲ್ಕಕ್ಷರ ಪೂರ್ತಿ ಗುರುತಲ್ಲ, ಗುರುತಿನ ನಡುಭಾಗ ಮಾತ್ರ.

ಎಲ್‌ಸಿ3ಯ ಮೈಮೇಲೆ ನೀರನ್ನು ಒಲ್ಲದ ಎರಡು ಸಣ್ಣ ಕುಳಿಗಳಿವೆ. ಮೊದಲ ಅಕ್ಷರದ ಉಂಗುರವುಳ್ಳ ಅಮೈನೋ ಆಮ್ಲ ಒಂದು ಕುಳಿಗೂ ನಾಲ್ಕನೆಯದು ಇನ್ನೊಂದಕ್ಕೂ ಇಳಿಯುತ್ತವೆ. ನಡುವಿನ ಎರಡರ ಪಕ್ಕದ ಕವಲು ಯಾವುದೇ ಇದ್ದರೂ, ಅವುಗಳ ಬೆನ್ನೆಳೆ ಎಲ್‌ಸಿ3ಯ ಹಾಳೆಯಂಥ ರಚನೆಯ ಅಂಚಿಗೆ ಒಂದು ಹೊಸ ಎಳೆಯಂತೆ ಸೇರಿಕೊಳ್ಳುತ್ತದೆ. ಮಗ್ಗದ ಬಟ್ಟೆಯ ಅಂಚಿಗೆ ಇನ್ನೊಂದು ಎಳೆ ಸೇರಿದ ಹಾಗೆ. ಹೀಗೆ ಸೇರಬೇಕಾದರೆ ಆ ತುಣುಕು ಪ್ರೋಟೀನಿನ ಮಡಿಕೆಗಳಿಂದ ಹೊರಗೆ, ಸಡಿಲವಾಗಿ ತೂಗಾಡುತ್ತಿರಬೇಕು. ಗಟ್ಟಿಯಾಗಿ ಮಡಿಚಿದ ಪ್ರೋಟೀನಿನ ಒಡಲೊಳಗೆ ಹುದುಗಿರುವ ಅದೇ ನಾಲ್ಕಕ್ಷರ ಎಲ್‌ಸಿ3ಯ ಪಾಲಿಗೆ ಇಲ್ಲದ್ದಕ್ಕೆ ಸಮ. ಆಕಸ್ಮಿಕವಾಗಿ ಬಿದ್ದವುಗಳಲ್ಲಿ ಬಹಳಷ್ಟು ಇಲ್ಲಿಯೇ ಕಳೆದುಹೋಗುತ್ತವೆ.

ಎರಡನೆಯ ಜರಡಿ ನೆರೆಹೊರೆಯದು. ಪಿ62ರ ಗುರುತು 338ರಿಂದ 341ರವರೆಗಿನ ಟ್ರಿಪ್ಟೋಫ್ಯಾನ್, ಥ್ರಿಯೋನಿನ್, ಹಿಸ್ಟಿಡಿನ್, ಲ್ಯೂಸಿನ್. ಅದಕ್ಕೆ ಮುಂಚೆ, 335ರಿಂದ 337ರವರೆಗೆ, ಆಸ್ಪಾರ್ಟಿಕ್ ಆಮ್ಲ ಮೂರು ಸಲ ಸಾಲಾಗಿ ಬರುತ್ತದೆ. ಋಣ ವಿದ್ಯುದಂಶದ ಈ ಮೂರೂ ಎಲ್‌ಸಿ3ಯ ಧನ ಅಂಶದ ಮೈಯನ್ನು ಸೆಳೆಯುತ್ತವೆ. ಕೆಲವು ಗ್ರಾಹಕಗಳು ಈ ಋಣ ಅಂಶವನ್ನು ಹುಟ್ಟಿನಿಂದ ಹೊತ್ತುಕೊಂಡಿರುವುದಿಲ್ಲ, ಬೇಕಾದಾಗ ತೊಡುತ್ತವೆ. ಆಪ್ಟಿನ್ಯೂರಿನ್ ಎಂಬ ಗ್ರಾಹಕದಲ್ಲಿ ಎಲ್‌ಐಆರ್‌ಗೆ ಅಂಟಿಕೊಂಡಂತೆ 177ನೆಯ ಸ್ಥಾನದಲ್ಲಿ ಒಂದು ಸೆರಿನ್ ಇದೆ. ಟಿಬಿಕೆ1 ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಸೇರಿಸಿದೊಡನೆ ಎಲ್‌ಸಿ3 ಜೊತೆಗಿನ ಹಿಡಿತ ಬಿಗಿಯಾಗುತ್ತದೆ. ಇದನ್ನು 2011ರಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಅಧ್ಯಯನದಲ್ಲಿ ತೋರಿಸಿದರು. ನಿಮ್ಮ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪಾಠವಾದೀತು, ಏಕೆಂದರೆ ಅಲ್ಲಿ ಅಕ್ಷರಗಳು ಒಂದೂ ಬದಲಾಗದೆ ಅರ್ಥ ಬದಲಾಗುತ್ತದೆ. ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಇದೆ. ಎಎಲ್‌ಎಸ್ ಎಂಬ ನರ ಕಾಯಿಲೆಯವರಲ್ಲಿ ಕಂಡುಬಂದ ಪಿ62ರ ಒಂದು ಬದಲಾವಣೆಯಲ್ಲಿ 341ನೆಯ ಲ್ಯೂಸಿನ್ ಬದಲು ವ್ಯಾಲಿನ್ ಕೂತಿರುತ್ತದೆ. ಪುಸ್ತಕದ ಸೂತ್ರದ ಪ್ರಕಾರ ವ್ಯಾಲಿನ್ ಕೂಡ ನಡೆಯಬೇಕು. ಆದರೆ ಎಲ್‌ಸಿ3 ಜೊತೆಗಿನ ಹಿಡಿತ ಸ್ಪಷ್ಟವಾಗಿ ಸೊರಗುತ್ತದೆ. ಸೂತ್ರವನ್ನು ಸೂತ್ರವಾಗಿಯೇ ನಂಬಬಾರದೆಂದು ನಾನು ಸ್ನಾತಕೋತ್ತರ ತರಗತಿಯಲ್ಲಿ ಪ್ರತಿ ವರ್ಷ ಇದನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ.

ಇನ್ನು ಮುಖ್ಯ ವಿಷಯ. ಈ ಹಿಡಿತ ಎಷ್ಟು ಬಲವಾದದ್ದು? ಸಾಮಾನ್ಯವಾಗಿ ಮೈಕ್ರೋಮೋಲಾರ್ ಮಟ್ಟದ್ದು. ಒಳ್ಳೆಯ ಪ್ರತಿಕಾಯವೊಂದು ತನ್ನ ಗುರಿಯನ್ನು ಹಿಡಿಯುವ ಬಲಕ್ಕೆ ಹೋಲಿಸಿದರೆ ಸಾವಿರ ಪಟ್ಟು ದುರ್ಬಲ. ಇನ್ನೊಂದು ಕೈ, ಅಂದರೆ ಕಸದ ಮೇಲೆ ಅಂಟಿಸಿದ ಯುಬಿಕ್ವಿಟಿನ್ ಎಂಬ ಚೀಟಿಯನ್ನು ಹಿಡಿಯುವ ಕೈ, ಪಿ62ರಲ್ಲಿ ಇನ್ನೂ ದುರ್ಬಲ. ನಾನು ವಿದ್ಯಾರ್ಥಿಯಾಗಿದ್ದಾಗ ಇದೊಂದು ದೋಷವೆಂದೇ ತಿಳಿದಿದ್ದೆ, ಪ್ರಯೋಗದಲ್ಲಿ ಏನೋ ಕೈತಪ್ಪಿದೆ ಎಂದು ತಿಂಗಳುಗಟ್ಟಲೆ ಉಪ್ಪಿನ ಪ್ರಮಾಣ ಬದಲಿಸುತ್ತ ಕೂತಿದ್ದೆ. ದೌರ್ಬಲ್ಯವೇ ಅಲ್ಲಿನ ಉಪಾಯವೆಂದು ಅರ್ಥವಾಗಲು ವರ್ಷಗಳೇ ಹಿಡಿದವು.

ಸುಗ್ಗಿಯ ನಂತರ ಹೊಲದ ಬದುವಿನ ಮೇಲೆ ನಡೆದುಬಂದವರ ಪಂಚೆಗೂ ಸೀರೆಯ ಅಂಚಿಗೂ ಉತ್ತರಾಣಿ ಬೀಜ ಅಂಟಿಕೊಂಡಿರುತ್ತದೆಯಲ್ಲ, ಅದನ್ನು ನೆನಪಿಸಿಕೊಳ್ಳಿ. ಒಂದು ಬೀಜವನ್ನು ಬೆರಳಿಂದ ಕೊಡವಿದರೆ ಉದುರುತ್ತದೆ. ನೂರು ಬೀಜಗಳ ಕಡ್ಡಿ ಉದ್ದಕ್ಕೆ ಅಂಟಿದರೆ ಬಟ್ಟೆಯನ್ನೇ ಎಳೆಯುತ್ತದೆ. ಪಿ62 ಒಂಟಿಯಾಗಿ ಇರುವುದಿಲ್ಲ. ಅದರ ಒಂದು ತುದಿಯ ಭಾಗ ಇನ್ನೊಂದು ಪಿ62ಗೆ ಕೊಂಡಿ ಹಾಕಿಕೊಂಡು ಎಳೆಗಳಾಗಿ ಬೆಳೆಯುತ್ತದೆ. ಯುಬಿಕ್ವಿಟಿನ್ ಕೂಡ ಸರಪಳಿಯಾಗಿ, ಗಂಟುಗಟ್ಟಿದ ಕೆಟ್ಟ ಪ್ರೋಟೀನಿನ ಮೈಮೇಲೆ ದಟ್ಟವಾಗಿ ಇರುತ್ತದೆ. ದಟ್ಟಣೆ ಇರುವಲ್ಲಿ ಒಂದು ಕೈ ಜಾರಿದರೂ ಪಕ್ಕದ ಕೈ ಹಿಡಿದಿರುತ್ತದೆ, ಜಾರಿದ ಕೈ ಮತ್ತೆ ಕೂತುಕೊಳ್ಳಲು ಅಲ್ಲಿಯೇ ಜಾಗ ಸಿಗುತ್ತದೆ. ಎಲ್ಲೋ ಒಂಟಿಯಾಗಿ ತೇಲುವ, ಚೀಟಿ ಹತ್ತಿದ ಪ್ರೋಟೀನನ್ನು ಮುಟ್ಟಿ ಬಿಟ್ಟುಬಿಡುತ್ತದೆ. ಅಂಥದ್ದನ್ನು ಒಡೆಯಲು ಪ್ರೋಟಿಯಾಸೋಮ್ ಎಂಬ ಬೇರೆಯ ವ್ಯವಸ್ಥೆ ಇದೆ. ಪಿ62 ಮತ್ತು ಯುಬಿಕ್ವಿಟಿನ್ ಸರಪಳಿಗಳು ಸಾಕಷ್ಟು ಸೇರಿದಾಗ ಎಣ್ಣೆಯ ಹನಿಗಳಂತೆ ಬೇರ್ಪಟ್ಟು ಒಟ್ಟಾಗುತ್ತವೆ ಎಂದು 2018ರಲ್ಲಿ ಬೇರೆ ಬೇರೆ ತಂಡಗಳು ತೋರಿಸಿದವು. ಒಂದೇ ಹಿಡಿತ ಬಲವಾಗಿದ್ದಿದ್ದರೆ ಗ್ರಾಹಕ ಸಿಕ್ಕಸಿಕ್ಕದ್ದಕ್ಕೆ ಅಂಟಿಕೊಂಡು ಕೂರುತ್ತಿತ್ತು. ಹಿಡಿತ ದುರ್ಬಲವಾಗಿದ್ದು ಸಂಖ್ಯೆ ಹೆಚ್ಚಾಗಿರುವುದರಿಂದಲೇ, ‘ಇಷ್ಟು ಸೇರಿದರೆ ಮಾತ್ರ’ ಎಂಬ ಒಂದು ಮಿತಿ ತಾನಾಗಿ ಏರ್ಪಡುತ್ತದೆ. ಬೀಗ ಮತ್ತು ಕೀಲಿಯ ಹೋಲಿಕೆಯನ್ನು ನಾವೆಲ್ಲ ಪಾಠದಲ್ಲಿ ಹೇಳುತ್ತ ಬಂದಿದ್ದೇವೆ; ಇಲ್ಲಿ ಅದು ದಾರಿ ತಪ್ಪಿಸುತ್ತದೆ.

ಪ್ರಯೋಗಾಲಯದ ಒಂದು ಮಾತು ಇಲ್ಲಿಗೆ ಸಂಬಂಧಿಸಿದ್ದು, ನಿಮ್ಮ ವಿದ್ಯಾರ್ಥಿಗಳು ಮುಂದೆ ಈ ಕ್ಷೇತ್ರಕ್ಕೆ ಬಂದರೆ ಉಪಯೋಗವಾದೀತು. ಇಂಥ ಬಂಧವನ್ನು ಪರೀಕ್ಷಿಸಲು ಪ್ರೋಟೀನಿಗೆ ಜಿಎಸ್‌ಟಿ ಎಂಬ ಹಿಡಿಕೆಯನ್ನು ಜೋಡಿಸಿ ಮಣಿಗಳ ಮೇಲೆ ಕೂರಿಸುವುದು ವಾಡಿಕೆ. ಜಿಎಸ್‌ಟಿ ಸ್ವಭಾವತಃ ಜೋಡಿಯಾಗಿರುವ ಪ್ರೋಟೀನು. ಮಣಿಯ ಮೇಲೆ ಅದು ಒತ್ತೊತ್ತಾಗಿ ಕೂತಿರುತ್ತದೆ. ಹಾಗಾಗಿ ಒಂಟಿಯಾಗಿ ನಿಲ್ಲದ ಹಿಡಿತವೂ ಅಲ್ಲಿ ಗಟ್ಟಿಯಾಗಿ ಕಾಣುತ್ತದೆ, ಗುರುತಿನ ಟ್ರಿಪ್ಟೋಫ್ಯಾನನ್ನು ಬದಲಿಸಿದ ಮೇಲೂ ಎಷ್ಟೋ ಸಲ ಬಂಧವಿದೆಯೆಂದು ತೋರಿಸುವ ಪಟ್ಟಿ ಮೂಡುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬರು ಇದನ್ನು ಕಂಡು ಹೊಸ ಗುರುತು ಸಿಕ್ಕಿತೆಂದು ಸಂಭ್ರಮಿಸಿದ್ದರು. ದ್ರಾವಣದಲ್ಲಿ ಎರಡನ್ನೂ ಒಂಟಿಯಾಗಿ ಬೆರೆಸಿ, ಬಂಧದಿಂದ ಆಗುವ ಶಾಖದ ಬದಲಾವಣೆಯನ್ನು ಅಳೆದಾಗ ಏನೂ ಇರಲಿಲ್ಲ.

ಹಾಗಿದ್ದರೆ ಕೆಟ್ಟ ಮೈಟೋಕಾಂಡ್ರಿಯಾ ಹೇಗೆ ಗೊತ್ತಾಗುತ್ತದೆ? ನಿಮ್ಮ ತಾತನವರ ಕಾಯಿಲೆಗೆ ಹತ್ತಿರದ ಪ್ರಶ್ನೆಯಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪಿಂಕ್1 ಎಂಬ ಕಿಣ್ವವನ್ನು ಆರೋಗ್ಯವಾಗಿರುವ ಮೈಟೋಕಾಂಡ್ರಿಯಾ ಒಳಗೆ ಎಳೆದುಕೊಂಡು ಕತ್ತರಿಸಿಬಿಡುತ್ತದೆ, ಆದ್ದರಿಂದ ಅದು ಎಲ್ಲಿಯೂ ಶೇಖರವಾಗುವುದಿಲ್ಲ. ಪೊರೆಯ ವಿದ್ಯುತ್ ಒತ್ತಡ ಕಳೆದುಕೊಂಡ ಮೈಟೋಕಾಂಡ್ರಿಯಾಕ್ಕೆ ಎಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ಪಿಂಕ್1 ಅದರ ಹೊರಮೈ ಮೇಲೆ ಉಳಿದು, ಅಲ್ಲಿರುವ ಯುಬಿಕ್ವಿಟಿನ್‌ನ 65ನೆಯ ಸೆರಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಅದು ಪಾರ್ಕಿನ್ ಎಂಬ ಇನ್ನೊಂದು ಕಿಣ್ವವನ್ನು ಕರೆದು ಎಬ್ಬಿಸುತ್ತದೆ, ಪಾರ್ಕಿನ್ ಇನ್ನಷ್ಟು ಯುಬಿಕ್ವಿಟಿನ್ ಅಂಟಿಸುತ್ತದೆ, ಪಿಂಕ್1 ಅದಕ್ಕೂ ಫಾಸ್ಫೇಟ್ ಹಾಕುತ್ತದೆ. ನೋಡನೋಡುತ್ತಲೇ ಆ ಒಂದು ಮೈಟೋಕಾಂಡ್ರಿಯಾದ ಮೈಯೆಲ್ಲ ಚೀಟಿ. ಆಗ ಎನ್‌ಡಿಪಿ52 ಮತ್ತು ಆಪ್ಟಿನ್ಯೂರಿನ್ ಎಂಬ ಗ್ರಾಹಕಗಳು ಬಂದು ಕೂರುತ್ತವೆ. ಈ ಕೆಲಸದಲ್ಲಿ ಮುಖ್ಯವಾದವು ಇವೆರಡೇ ಎಂದು 2015ರಲ್ಲಿ ಐದು ಗ್ರಾಹಕಗಳನ್ನು ಒಟ್ಟಿಗೆ ತೆಗೆದುಹಾಕಿ, ಒಂದೊಂದನ್ನಾಗಿ ಮರಳಿ ಸೇರಿಸಿ ಸಾಬೀತು ಮಾಡಿದರು. ಇವು ಎಲ್‌ಸಿ3ಗಾಗಿ ಕಾಯುತ್ತಲೂ ಇರುವುದಿಲ್ಲ. ಎನ್‌ಡಿಪಿ52 ಪೊರೆ ಕಟ್ಟುವ ಯಂತ್ರದ ಮೊದಲ ತಂಡವನ್ನೇ ಆ ಜಾಗಕ್ಕೆ ಕರೆತರುತ್ತದೆ. ಅಂದರೆ ಪೊರೆ ಎಲ್ಲೋ ಹುಟ್ಟಿ ಕಸ ಹುಡುಕುತ್ತ ಬರುವುದಿಲ್ಲ, ಕಸ ಇರುವಲ್ಲಿಯೇ ಪೊರೆ ಹುಟ್ಟುತ್ತದೆ.

ಈ ಸರಣಿಯಲ್ಲಿ ಹಸಿವು ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಇಡೀ ಸರಣಿಗೆ ಚಾಲನೆ ಕೊಟ್ಟದ್ದು ಆ ಒಂದು ಮೈಟೋಕಾಂಡ್ರಿಯಾದ ಸೋಲು. ಪಿಂಕ್1 ಅಥವಾ ಪಾರ್ಕಿನ್ ಜೀನಿನ ಎರಡೂ ಪ್ರತಿಗಳು ಕೆಟ್ಟವರಲ್ಲಿ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬರುತ್ತದೆ. ಪಾರ್ಕಿನ್ ಜೀನು 1998ರಲ್ಲಿ, ಪಿಂಕ್1 2004ರಲ್ಲಿ ಪತ್ತೆಯಾದದ್ದು ಅಂಥ ಕುಟುಂಬಗಳಿಂದಲೇ. ಅವರಲ್ಲಿ ಗುರುತು ಹಚ್ಚುವ ಕಿಣ್ವವೇ ಇರುವುದಿಲ್ಲ, ಎಷ್ಟು ಹಸಿದರೂ ಅದು ಹುಟ್ಟಿಬರುವುದಿಲ್ಲ. ವಯಸ್ಸಾದ ಮೇಲೆ ಬರುವ ಸಾಮಾನ್ಯ ಪಾರ್ಕಿನ್ಸನ್ ಬಹುತೇಕ ಈ ಜೀನುಗಳಿಂದ ಬಂದದ್ದಲ್ಲ. ತಾತನಿಗೆ ಕೊನೆಗಾಲದಲ್ಲಿ ಬಂದದ್ದರಿಂದ ಮಗನಿಗೂ ಬಂದೇ ತೀರುತ್ತದೆ ಎಂದು ತಿಳಿಯುವ ಕಾರಣವಿಲ್ಲ; ತಂದೆಯವರಿಗೆ ಇದನ್ನು ಧೈರ್ಯವಾಗಿ ಹೇಳಿ.

ಯುಬಿಕ್ವಿಟಿನ್ ಇಲ್ಲದೆಯೂ ಗುರುತು ಹಿಡಿಯುವ ದಾರಿಗಳಿವೆ. ಸಾಲ್ಮೊನೆಲ್ಲಾ ತಾನಿರುವ ಪೊರೆಯ ಚೀಲವನ್ನು ಹರಿದರೆ, ಒಳಮುಖವಾಗಿದ್ದ ಸಕ್ಕರೆಯ ಕುಚ್ಚುಗಳು ಬಯಲಾಗುತ್ತವೆ. ಗ್ಯಾಲೆಕ್ಟಿನ್-8 ಎಂಬ ಪ್ರೋಟೀನು ಅವನ್ನು ಹಿಡಿದು ಎನ್‌ಡಿಪಿ52 ಅನ್ನು ಕರೆಯುತ್ತದೆ. ಕಬ್ಬಿಣದ ಉಗ್ರಾಣವಾದ ಫೆರಿಟಿನ್ ಅನ್ನು ಎನ್‌ಸಿಒಎ4 ಎಂಬ ಗ್ರಾಹಕ ಹಿಡಿಯುತ್ತದೆ, ಅದೂ ಕೋಶದಲ್ಲಿ ಕಬ್ಬಿಣ ಕಡಿಮೆಯಾದಾಗ; ಕಬ್ಬಿಣ ಹೆಚ್ಚಿದ್ದರೆ ಎನ್‌ಸಿಒಎ4 ಅನ್ನೇ ಕೋಶ ಒಡೆದುಹಾಕುತ್ತದೆ. ಪ್ರತಿ ದಾರಿಯಲ್ಲೂ ಗುರುತಿನ ತೀರ್ಮಾನ ಆಗುವುದು ಕಸವಿರುವ ಜಾಗದಲ್ಲಿ.

ಹಸಿವಿನಲ್ಲಿ ಗ್ರಾಹಕಗಳು ‘ಎಚ್ಚೆತ್ತುಕೊಳ್ಳುತ್ತವೆ’ ಎಂಬ ಮಾತಿಗೆ ಇನ್ನೂ ನೇರವಾದ ಉತ್ತರವಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಗೆ ಅಮೈನೋ ಆಮ್ಲಗಳನ್ನು ತಪ್ಪಿಸಿದಾಗ ಮೊದಲ ಕೆಲವೇ ಗಂಟೆಗಳಲ್ಲಿ ಪಿ62, ಎನ್‌ಸಿಒಎ4 ಮೊದಲಾದ ಗ್ರಾಹಕಗಳೇ ವೇಗವಾಗಿ ಕರಗಿಹೋಗುತ್ತವೆ ಎಂದು 2018ರಲ್ಲಿ ವರದಿಯಾಗಿದೆ. ಹಸಿದ ಕೋಶ ಮೊದಲು ತಿಂದವರ ಪಟ್ಟಿಯಲ್ಲಿ ಆರಿಸುವವರೂ ಇದ್ದಾರೆ! ಹಾಗಾದರೆ ಹಸಿವಿನಲ್ಲಿ ಒಳ್ಳೆಯದನ್ನೂ ತಿನ್ನುತ್ತದೆಯೇ ಎಂದರೆ, ಹೌದು, ತಿನ್ನುತ್ತದೆ. ಅದು ಕೋಶದ ತಪ್ಪಲ್ಲ, ಆ ಹೊತ್ತಿನ ಅಗತ್ಯ. ದೀರ್ಘ ಉಪವಾಸದಲ್ಲಿ ಸ್ನಾಯು ಕರಗುವುದನ್ನು ನಾವು ಆಸ್ಪತ್ರೆಯಲ್ಲಿ ಕಾಣುತ್ತಲೇ ಇರುತ್ತೇವೆ. 63ರ ವಯಸ್ಸಿನಲ್ಲಿ ಕಳೆದುಕೊಂಡ ಸ್ನಾಯು ಸುಲಭವಾಗಿ ಮರಳುವುದಿಲ್ಲ.

ನಿಮ್ಮ ತಂದೆಯವರಿಗೆ ಇದನ್ನು ಹೇಳಲು ನನಗಿಂತ ಒಳ್ಳೆಯ ಉದಾಹರಣೆ ಅವರ ಕಣ್ಣೆದುರೇ ಇತ್ತು. ರೇಷ್ಮೆ ಹುಳು ಪ್ರತಿ ಜ್ವರದಲ್ಲೂ, ಅಂದರೆ ಪೊರೆ ಕಳಚುವಾಗಲೂ, ಸೊಪ್ಪು ಬಿಟ್ಟು ಒಂದು ದಿನದಷ್ಟು ಹೊತ್ತು ತಲೆಯೆತ್ತಿ ಕೂರುತ್ತದೆ. ಆ ಉಪವಾಸದಲ್ಲಿ ಅದರ ರೇಷ್ಮೆ ಗ್ರಂಥಿ ಕರಗಿಹೋಗುವುದಿಲ್ಲ, ಜ್ವರ ಎದ್ದ ಮೇಲೆ ಅದು ಮೊದಲಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟು, ಅದು ಗೂಡು ಕಟ್ಟಿ ಮುಗಿಸಿದ ಮೇಲೆ, ಅದೇ ಗ್ರಂಥಿ ಸ್ವಭಕ್ಷಣೆ ಮತ್ತು ನಿಯೋಜಿತ ಕೋಶಮರಣ ಎರಡೂ ಸೇರಿ ಪೂರ್ತಿ ಕರಗಿಹೋಗುತ್ತದೆ. ಎರಡು ಸಲವೂ ಹುಳು ಉಪವಾಸವೇ ಇತ್ತು. ವ್ಯತ್ಯಾಸ ಮಾಡಿದ್ದು ರೂಪಾಂತರದ ಹೊತ್ತಿನ ಹಾರ್ಮೋನುಗಳ ಆಜ್ಞೆ. ಏನನ್ನು ತಿನ್ನಬೇಕು, ಯಾವಾಗ ತಿನ್ನಬೇಕು ಎಂಬುದನ್ನು ಖಾಲಿ ಹೊಟ್ಟೆಯೊಂದೇ ತೀರ್ಮಾನಿಸುವುದಿಲ್ಲ.

ಉಪವಾಸದಿಂದ ಮನುಷ್ಯರಲ್ಲಿ ಸ್ವಭಕ್ಷಣೆ ಹೆಚ್ಚುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇಲಿಗಳಲ್ಲಿ 24 ಗಂಟೆಯ ಉಪವಾಸ ಹಲವು ಅಂಗಗಳಲ್ಲಿ ಅದನ್ನು ಹೆಚ್ಚಿಸುತ್ತದೆ. ಆದರೆ 2004ರ ಹೆಸರಾಂತ ಇಲಿ ಅಧ್ಯಯನದಲ್ಲಿ ಮೆದುಳಿನಲ್ಲಿ ಏರಿಕೆ ಕಾಣಲಿಲ್ಲ. 2010ರಲ್ಲಿ ಇನ್ನೊಂದು ತಂಡ ನರಕೋಶಗಳಲ್ಲಿ ಏರಿಕೆ ಕಂಡದ್ದಾಗಿ ಹೇಳಿತು. ಮೇಲಾಗಿ ಇಲಿಯ ಒಂದು ದಿನ ನಮ್ಮ ಒಂದು ದಿನವಲ್ಲ, ಅಷ್ಟರಲ್ಲಿ ಅದು ತನ್ನ ತೂಕದ ಸುಮಾರು ಹತ್ತರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. ಶಿಬಿರಕ್ಕೆ ಹೋಗಿಬಂದವರ ಸ್ವಭಕ್ಷಣೆ ಎಷ್ಟು ಹೆಚ್ಚಿತೆಂದು ತಿಳಿಸುವ ರಕ್ತಪರೀಕ್ಷೆ ಕೋಲಾರ, ಚಿಕ್ಕಬಳ್ಳಾಪುರದ ಪ್ರಯೋಗಾಲಯಗಳಲ್ಲಿ ಇರಲಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಪಟ್ಟಿಯಲ್ಲೂ ಇಲ್ಲ. ಅಳೆಯಲಾಗದ ಲಾಭವನ್ನು 72 ಗಂಟೆ ಎಂಬ ಅಷ್ಟು ನಿಖರವಾದ ಅಂಕಿಯೊಂದಿಗೆ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಗ್ರಾಹಕಗಳು ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಪಿ62 ತಾನು ಹಿಡಿದ ಕಸದ ಜೊತೆ ತಾನೂ ಕರಗುತ್ತದೆ, ದಾರಿ ಕಟ್ಟಿದರೆ ಅದು ಕೋಶದಲ್ಲಿ ರಾಶಿಯಾಗುತ್ತದೆ. ಹಾಗೆ ರಾಶಿಯಾದ ಪಿ62 ಕೀಪ್1 ಎಂಬ ಕಡಿವಾಣವನ್ನು ಹಿಡಿದಿಟ್ಟುಕೊಂಡು ಎನ್‌ಆರ್‌ಎಫ್2 ಎಂಬ ರಕ್ಷಣಾ ವ್ಯವಸ್ಥೆಯನ್ನು ಅಂಕೆಯಿಲ್ಲದೆ ಓಡಿಸುತ್ತದೆ. ಯಕೃತ್ತಿನ ಕೆಲವು ಗಡ್ಡೆಗಳಿಗೆ ಇದು ಅನುಕೂಲ ಮಾಡಿಕೊಡುತ್ತದೆ.

ಈಗ ಮಾತ್ರೆಗಳ ವಿಷಯ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಊಟವಿಲ್ಲದೆ ಅದನ್ನು ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತಡಬಡ ಮಾತು ಇದರ ಚಿಹ್ನೆಗಳು. ವಯಸ್ಸಾದವರಲ್ಲಿ ಈ ಚಿಹ್ನೆಗಳಿಲ್ಲದೆ ನೇರವಾಗಿ ಮಂಪರು ಬರುವುದೂ ಉಂಟು. ಇಂಥದ್ದೇ ಒಂದು ಶಿಬಿರದಿಂದ ನಮ್ಮಲ್ಲಿಗೆ ಬಂದ ಹಿರಿಯರೊಬ್ಬರ ರಕ್ತದಲ್ಲಿ ಸಕ್ಕರೆ 38 ಮಿಲಿಗ್ರಾಂ ಇತ್ತು. ಅದು ‘ಕಲ್ಮಶ ಹೊರಹೋಗುವ ಸುಸ್ತು’ ಎಂದು ಅರ್ಧ ದಿನ ಮಲಗಿಸಿದ್ದರಂತೆ. ಡಾಪಾಗ್ಲಿಫ್ಲೋಜಿನ್‌ನ ಅಪಾಯ ಬೇರೆ ಬಗೆಯದು, ಅದರ ಬಗ್ಗೆ ಜನರಿಗೆ ತಿಳಿದಿರುವುದು ಕಡಿಮೆ. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಜೊತೆಗೆ ಉಪವಾಸವೂ ಸೇರಿದರೆ ರಕ್ತದಲ್ಲಿ ಕೀಟೋನ್ ಆಮ್ಲಗಳು ಏರಿ, ಗ್ಲೂಕೋಮೀಟರ್ ಸಾಧಾರಣ ಅಂಕಿಯನ್ನೇ ತೋರಿಸುತ್ತಿರುವಾಗಲೂ ಪ್ರಾಣಾಪಾಯದ ಸ್ಥಿತಿ ಬರಬಹುದು. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ಈ ಮಾತ್ರೆಯನ್ನು ನಿಲ್ಲಿಸುವುದು ಇದಕ್ಕಾಗಿಯೇ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಸಕ್ಕರೆಯ ಅಂಕಿ ಎಷ್ಟೇ ಇರಲಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತದೊತ್ತಡದ ಮಾತ್ರೆಯೂ ನೀರಿನ ಕೊರತೆಯೂ ಸೇರಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಭಯ ಇದ್ದೇ ಇದೆ. ಇವುಗಳಲ್ಲಿ ಮೆಟ್‌ಫಾರ್ಮಿನ್ ಒಂದೇ ಇದ್ದಿದ್ದರೆ ನನ್ನ ದನಿ ಇಷ್ಟು ಗಟ್ಟಿಯಾಗಿರುತ್ತಿರಲಿಲ್ಲ.

ಶಿಬಿರಕ್ಕೆ ಹೋಗಲೇಬೇಕೆಂದು ಹಟ ಹಿಡಿದರೆ, ತಾವಾಗಿ ಮಾತ್ರೆ ಬಿಟ್ಟು ಹೋಗುವುದು ಪರಿಹಾರವಲ್ಲ. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಅದಕ್ಕೂ ಬೆಲೆ ತೆರಬೇಕಾಗುತ್ತದೆ. ನಾನಾದರೆ ಅವರಿಗೆ ಬೇರೆ ದಾರಿ ಸೂಚಿಸುವೆ. ರಾತ್ರಿ ಏಳೂವರೆಗೆ ಮುದ್ದೆ ಸಾರು ಉಂಡು ಬೆಳಿಗ್ಗೆ ಏಳೂವರೆಗೆ ತಿಂಡಿ ತಿಂದರೆ ಹನ್ನೆರಡು ಗಂಟೆಯ ಬಿಡುವು ಆಯಿತು. ನಡುವೆ ಬಿಸ್ಕತ್ತು, ಸಕ್ಕರೆ ಹಾಕಿದ ಚಹಾ ಇಲ್ಲದಿದ್ದರೆ ಸಾಕು. ರಾತ್ರಿ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಾದರೆ ಇದಕ್ಕೂ ಮೊದಲು ವೈದ್ಯರನ್ನು ಕೇಳಬೇಕು, ಮೊದಲ ವಾರ ಮುಂಜಾನೆಯ ಸಕ್ಕರೆ ನೋಡಿಕೊಳ್ಳಬೇಕು. ಇದಕ್ಕಿಂತ ಉದ್ದದ ಬಿಡುವು ಬೇಕೆಂದರೆ ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿ, ವಾರಗಟ್ಟಲೆ ಗಮನಿಸಿ ಮಾಡಬೇಕಾದ ಕೆಲಸ ಅದು. ತೂಕ ಇಳಿಸಿ ಸಕ್ಕರೆ ಹತೋಟಿಗೆ ತರುವುದರಲ್ಲಿ ಕೆಲವರಿಗೆ ಅದರಿಂದ ಪ್ರಯೋಜನವಾಗಿದೆ, ಆದರೆ ಮೈಟೋಕಾಂಡ್ರಿಯಾ ಶುದ್ಧಿಯ ಹೆಸರಿನಲ್ಲಿ ಅದನ್ನು ಮಾಡಬೇಕಾಗಿಲ್ಲ. ನಡಿಗೆ ಮತ್ತು ಸ್ವಲ್ಪ ಭಾರ ಎತ್ತುವ ವ್ಯಾಯಾಮ ಇವೆಲ್ಲಕ್ಕಿಂತ ಮೇಲು. ವ್ಯಾಯಾಮದಿಂದ ಇಲಿಗಳ ಸ್ನಾಯುವಿನಲ್ಲಿ ಸ್ವಭಕ್ಷಣೆ ಹೆಚ್ಚುವುದನ್ನು 2012ರಲ್ಲಿ ತೋರಿಸಿದ್ದಾರೆ, ಹೆಚ್ಚದಿದ್ದರೂ ಸಕ್ಕರೆ ಕಾಯಿಲೆಗೆ ಅದರ ಲಾಭ ಕಟ್ಟಿಟ್ಟದ್ದು. ಸ್ವಭಕ್ಷಣೆ ಹೆಚ್ಚಿಸುವುದಾಗಿ ಹೇಳಿ ಮಾರುವ ಸ್ಪರ್ಮಿಡಿನ್ ಮಾತ್ರೆಗಳಿಗೆ ಅವರು ದುಡ್ಡು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಏಕಾದಶಿ, ಶಿವರಾತ್ರಿಗೆ ಅವರು ಉಪವಾಸ ಇರುವ ರೂಢಿಯುಂಟೇ ಎಂದು ನೀವು ಬರೆದಿಲ್ಲ. ಇದ್ದರೆ ಅದನ್ನು ಬಿಡಿ ಎಂದು ಹೇಳಲು ಹೋಗಬೇಡಿ. ಆ ದಿನ ಗ್ಲಿಮೆಪಿರೈಡ್ ಮತ್ತು ಡಾಪಾಗ್ಲಿಫ್ಲೋಜಿನ್ ಏನು ಮಾಡಬೇಕೆಂದು ಮುಂದಿನ ಭೇಟಿಯಲ್ಲಿ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡು, ಮಾತ್ರೆಯ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಡಿ.